ಪಾದ ಮೊದಲು, ಮುದ್ರೆ ಕೊನೆಗೆ: ಜಪಾನಿನ ಪಿಂಗಾಣಿಯನ್ನು ಗುರುತಿಸುವ ಬಗೆ

ಜಪಾನಿನ ಅರಿತಾ ಎಂಬ ಊರಿನಲ್ಲಿ ಹದಿನೇಳನೆಯ ಶತಮಾನದ ಕೊನೆಯ ಹೊತ್ತಿಗೆ ತಯಾರಾದ ನೀಲಿ-ಬಿಳಿ ತಟ್ಟೆಗಳನ್ನು ಮಗುಚಿ ನೋಡಿದರೆ, ಎಷ್ಟೋ ತಟ್ಟೆಗಳ ತಳದಲ್ಲಿ ಆರು ಚೀನೀ ಅಕ್ಷರಗಳು ಕಾಣಸಿಗುತ್ತವೆ. ‘ಮಹಾ ಮಿಂಗ್ ವಂಶದ ಚೆಂಗ್‌ಹುವಾ ಶಕೆಯಲ್ಲಿ ತಯಾರಾದದ್ದು’ ಎಂಬುದು ಅವುಗಳ ಅರ್ಥ. ಚೆಂಗ್‌ಹುವಾ ಶಕೆ 1465ರಿಂದ 1487ರವರೆಗಿನದು. ಆಗ ಜಪಾನಿನಲ್ಲಿ ಪಿಂಗಾಣಿಯನ್ನು ಮಾಡಬಲ್ಲವರು ಒಬ್ಬರೂ ಇರಲಿಲ್ಲ. ಅಂದರೆ ತಟ್ಟೆಯ ಮೇಲಿನ ಬರಹವು ದೇಶದ ವಿಷಯದಲ್ಲೂ ಕಾಲದ ವಿಷಯದಲ್ಲೂ ನಿಜ ಹೇಳುತ್ತಿಲ್ಲ. ಹಾಗೆಂದು ಅದನ್ನು ಬರೆದ ಕುಶಲಕರ್ಮಿ ಮೋಸ ಮಾಡಲು ಹೊರಟವನೂ ಅಲ್ಲ. ಚೀನಾದ ಪಿಂಗಾಣಿಯೇ ಮೇಲ್ಪಂಕ್ತಿಯಾಗಿದ್ದ ಕಾಲದಲ್ಲಿ, ಒಳ್ಳೆಯ ತಟ್ಟೆಯ ತಳದಲ್ಲಿ ಅಂಥದೊಂದು ಬರಹ ಇರಬೇಕೆಂಬುದು ಅಲಂಕಾರದ ಒಂದು ಭಾಗವೇ ಆಗಿತ್ತು.

ಜಪಾನಿನ ಪಿಂಗಾಣಿ ಮತ್ತು ಮಣ್ಣಿನ ಕಲಾವಸ್ತುಗಳನ್ನು ಸಂಗ್ರಹಿಸಲು ತೊಡಗುವ ಹೆಚ್ಚಿನವರು ಮೊದಲು ಮಾಡುವ ಕೆಲಸವೆಂದರೆ ತಳದ ಮುದ್ರೆಯ ಫೋಟೊ ತೆಗೆದು ಅದರ ಅರ್ಥವನ್ನು ಹುಡುಕುವುದು. ಅನುಭವಿ ಸಂಗ್ರಾಹಕರು ನಡೆಯುವ ಹಾದಿ ಇದಕ್ಕೆ ತೀರ ವಿರುದ್ಧವಾದದ್ದು. ಅವರು ಮಣ್ಣನ್ನು, ನೆಲಕ್ಕೆ ತಾಗುವ ಪಾದವನ್ನು, ಮೈಮೇಲಿನ ಗಾಜಿನಂಥ ಪದರವಾದ ಮೆರುಗನ್ನು, ಬಣ್ಣವನ್ನು ಮೊದಲು ನೋಡಿ, ವಸ್ತುವಿನ ಕಾಲ ಮತ್ತು ಆವಿಗೆಯ ಬಗ್ಗೆ ಒಂದು ಅಂದಾಜಿಗೆ ಬಂದ ನಂತರವೇ, ಆ ಅಂದಾಜಿಗೆ ಮುದ್ರೆ ಹೊಂದುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ಈ ಕ್ರಮ ಏಕೆ ಸರಿ, ಮತ್ತು ಯಾವ ಒಂದೆರಡು ಸಂದರ್ಭಗಳಲ್ಲಿ ಮುದ್ರೆಯನ್ನೇ ಮೊದಲು ನಂಬಬಹುದು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಮೊದಲಿಗೆ ಒಂದು ಮೂಲಭೂತ ವ್ಯತ್ಯಾಸವನ್ನು ತಿಳಿದಿರಬೇಕು. ನಾವು ಬಳಕೆಯ ಮಾತಿನಲ್ಲಿ ‘ಪಿಂಗಾಣಿ’ ಎಂದು ಕರೆಯುವುದರಲ್ಲಿ ಎರಡು ಬೇರೆ ಬೇರೆ ಜಾತಿಯ ವಸ್ತುಗಳು ಸೇರಿಕೊಂಡಿವೆ. ಬಿಳಿಯ ಕಲ್ಲನ್ನು ಪುಡಿಮಾಡಿ, ಕಲಸಿ, 1300 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಸುಟ್ಟು ಮಾಡಿದ, ಅಂಚಿನಲ್ಲಿ ಬೆಳಕು ಹಾಯುವಷ್ಟು ತೆಳುವಾಗಬಲ್ಲ, ನೀರನ್ನು ಹೀರದ ಪಾತ್ರೆ ಅಸಲಿ ಪಿಂಗಾಣಿ. ಬಣ್ಣವುಳ್ಳ ಜೇಡಿಮಣ್ಣನ್ನು ಗಟ್ಟಿಯಾಗಿ ಸುಟ್ಟದ್ದು ಇನ್ನೊಂದು. ಬಿಜೆನ್, ಶಿಗಾರಾಕಿ, ತೊಕೊನಾಮೆ, ಸೆತೊ ಮೊದಲಾದ ಊರುಗಳ ಪಾತ್ರೆಗಳು ಈ ಎರಡನೆಯ ಜಾತಿಯವು. ಅವುಗಳ ಇತಿಹಾಸ ಹಲವು ಶತಮಾನಗಳಷ್ಟು ಹಿಂದಕ್ಕೆ ಹೋಗುತ್ತದೆ. ಅಸಲಿ ಪಿಂಗಾಣಿಯಾದರೋ ಜಪಾನಿನಲ್ಲಿ ಕೇವಲ ನಾಲ್ಕು ಶತಮಾನ ಹಳೆಯದು. ಎರಡನ್ನೂ ಪರೀಕ್ಷಿಸುವ ಬಗೆ ಬೇರೆ, ಎರಡಕ್ಕೂ ಬೆಲೆ ಕಟ್ಟುವ ಮನಸ್ಸೂ ಬೇರೆ.

ಜಪಾನಿನ ಆಳುವವನಾಗಿದ್ದ ಟೊಯೊತೊಮಿ ಹಿದೆಯೋಶಿ 1592 ಮತ್ತು 1598ರ ನಡುವೆ ಕೊರಿಯಾದ ಮೇಲೆ ನಡೆಸಿದ ದಂಡಯಾತ್ರೆಗಳು ರಾಜಕೀಯವಾಗಿ ವಿಫಲವಾದವು. ಆದರೆ ಹಿಂದಿರುಗುವಾಗ ಕ್ಯೂಶು ದ್ವೀಪದ ಮತ್ತು ಪಶ್ಚಿಮ ಜಪಾನಿನ ಸಾಮಂತರು ಕೊರಿಯಾದ ಕುಂಬಾರರನ್ನು ಕುಟುಂಬ ಸಮೇತ ಹಿಡಿದು ತಂದರು. ಅರಿತಾ, ಸತ್ಸುಮಾ, ಹಾಗಿ ಮುಂತಾದ ಹೆಸರಾಂತ ಕೇಂದ್ರಗಳ ಮೂಲದಲ್ಲಿ ಈ ಬಲವಂತದ ವಲಸೆಯಿದೆ. ಸಂಗ್ರಾಹಕರ ಕೈಪಿಡಿಗಳಲ್ಲಿ ಇದು ಒಂದು ಸಾಲಿನಲ್ಲಿ ಮುಗಿದುಹೋಗುವುದು ನನಗೆ ಸರಿಯೆನಿಸುವುದಿಲ್ಲ. ಹಾಗೆ ಬಂದವರಲ್ಲಿ ಒಬ್ಬನಾದ ಯಿ ಸಾಮ್-ಪ್ಯೊಂಗ್ ಅರಿತಾ ಬಳಿಯ ಇಜುಮಿಯಾಮಾ ಗುಡ್ಡದಲ್ಲಿ ಪಿಂಗಾಣಿಗೆ ತಕ್ಕ ಬಿಳಿಯ ಕಲ್ಲನ್ನು ಕಂಡುಹಿಡಿದನೆಂದು ಸಂಪ್ರದಾಯ ಹೇಳುತ್ತದೆ. ಅದಕ್ಕೆ ಕೊಡುವ ವರ್ಷ 1616. ಅರಿತಾದಲ್ಲಿ ತಯಾರಾದ ಸರಕು ಹತ್ತಿರದ ಇಮಾರಿ ಬಂದರಿನಿಂದ ಹಡಗು ಹತ್ತುತ್ತಿದ್ದುದರಿಂದ ಕೊಳ್ಳುವವರು ಅದನ್ನು ಇಮಾರಿ ಎಂದೇ ಕರೆದರು. ಹೀಗಾಗಿ ‘ಹಳೆಯ ಇಮಾರಿ’ ಎಂದು ಮಾರಾಟವಾಗುವ ವಸ್ತುವಿನ ಹುಟ್ಟೂರು ಬಹುಮಟ್ಟಿಗೆ ಅರಿತಾ ಅಥವಾ ಅದರ ಸುತ್ತಲಿನ ಆವಿಗೆಗಳು.

ಇಲ್ಲಿಂದ ಮುಂದಿನ ಕಥೆಯಲ್ಲಿ ಚೀನಾದ ಒಳಜಗಳಕ್ಕೆ ದೊಡ್ಡ ಪಾಲಿದೆ. ಮಿಂಗ್ ವಂಶ ಕುಸಿದು ಚಿಂಗ್ ವಂಶ ನೆಲೆಯೂರುವ ನಡುವಿನ ದಶಕಗಳಲ್ಲಿ ಚೀನಾದ ದೊಡ್ಡ ಪಿಂಗಾಣಿ ಕೇಂದ್ರವಾದ ಜಿಂಗ್‌ದೆಜೆನ್‌ನ ಆವಿಗೆಗಳಿಂದ ಹೊರಬರುವ ಸರಕು ತೀರ ಕಡಿಮೆಯಾಯಿತು. ಏಷ್ಯಾದಲ್ಲೂ ಯುರೋಪಿನಲ್ಲೂ ಅದನ್ನು ಮಾರಿ ಲಾಭ ಮಾಡುತ್ತಿದ್ದ ಡಚ್ ಈಸ್ಟ್ ಇಂಡಿಯಾ ಕಂಪನಿಗೆ ಬೇರೆ ಮೂಲ ಬೇಕಾಯಿತು. 1641ರಿಂದ ನಾಗಾಸಾಕಿಯ ದೆಜಿಮಾ ಎಂಬ ಪುಟ್ಟ ಕೃತಕ ದ್ವೀಪದಲ್ಲಿ ಉಳಿಯಲು ಅನುಮತಿ ಪಡೆದಿದ್ದ ಕಂಪನಿಯು 1659ರಲ್ಲಿ ಅರಿತಾಕ್ಕೆ ಐವತ್ತು ಸಾವಿರಕ್ಕೂ ಹೆಚ್ಚು ವಸ್ತುಗಳ ಬೇಡಿಕೆ ಸಲ್ಲಿಸಿತು. ಕೊಳ್ಳುವವನು ಕೇಳುತ್ತಿದ್ದುದು ಚೀನೀ ಮಾದರಿಯನ್ನು. ತಯಾರಕನು ಒದಗಿಸಿದ್ದೂ ಅದನ್ನೇ, ತಳದ ಬರಹದ ಸಮೇತ. ಚೆಂಗ್‌ಹುವಾ ಬರಹದ ಜೊತೆಗೆ ‘ಫುಕು’ ಎಂಬ ಮಂಗಳವಾಚಕ ಅಕ್ಷರವೊಂದನ್ನು ಚೌಕದೊಳಗೆ ಬರೆಯುವ ರೂಢಿಯೂ, ‘ಸಂಪತ್ತು, ಗೌರವ, ದೀರ್ಘ ವಸಂತ’ ಎಂದು ಹರಸುವ ನಾಲ್ಕಕ್ಷರಗಳ ರೂಢಿಯೂ ಬೆಳೆಯಿತು. ಇವು ಯಾವುವೂ ತಯಾರಕನ ಹೆಸರಲ್ಲ.

ತಯಾರಕನ ಹೆಸರು ಇರದಿದ್ದುದಕ್ಕೆ ಸರಳವಾದ ಕಾರಣವೂ ಇದೆ. ಅರಿತಾದಲ್ಲಿ ಒಂದು ತಟ್ಟೆ ಒಬ್ಬನ ಕೃತಿಯಾಗಿರಲಿಲ್ಲ. ತಿಗರಿಯ ಮೇಲೆ ತಿದ್ದುವವನು ಒಬ್ಬ, ಚಿತ್ರದ ಗೆರೆ ಎಳೆಯುವವನು ಇನ್ನೊಬ್ಬ, ಆ ಗೆರೆಗಳ ನಡುವೆ ದಪ್ಪ ಕುಂಚದಿಂದ ನೀಲಿಯನ್ನು ತುಂಬುವವರು ಬಹುತೇಕ ಹೆಂಗಸರು, ಮೆರುಗು ಅದ್ದುವವನು, ಆವಿಗೆ ಹಾಕುವವನು ಮತ್ತೆ ಬೇರೆಯವರು. ಸುಟ್ಟ ಮೆರುಗಿನ ಮೇಲೆ ಕೆಂಪು, ಹಸಿರು, ಚಿನ್ನದ ಬಣ್ಣ ಹಾಕುವವರಂತೂ ಊರಿನ ಬೇರೆಯದೇ ಬೀದಿಯಲ್ಲಿ, ಆ ಪ್ರಾಂತ್ಯವನ್ನಾಳುತ್ತಿದ್ದ ನಾಬೆಶಿಮಾ ಸಾಮಂತರ ಪರವಾನಗಿಯಡಿ ಕೆಲಸ ಮಾಡುತ್ತಿದ್ದರು. ಹೀಗೆ ಹಲವು ಕೈ ದಾಟಿ ಬಂದ ವಸ್ತುವಿನ ತಳದಲ್ಲಿ ಯಾರು ಸಹಿ ಹಾಕಬೇಕಿತ್ತು?

ಮುದ್ರೆ ಹೇಳದಿದ್ದರೆ ಹೇಳುವವರು ಯಾರು ಎಂಬ ಪ್ರಶ್ನೆಗೆ ಉತ್ತರ ತಟ್ಟೆಯ ಪಾದದಲ್ಲಿದೆ. ಪಾದವೆಂದರೆ ತಟ್ಟೆ ನೆಲಕ್ಕೆ ತಾಗುವ ಬಳೆಯಂಥ ಭಾಗ. ಚಿತ್ರವನ್ನು ನಕಲು ಮಾಡುವವನು ನೂರು ಸಲ ನೋಡಿ ತಿದ್ದಿ ಬರೆಯಬಹುದು. ಆದರೆ ಪಾದವನ್ನು ಯಾರೂ ನೋಡಲಾರರೆಂದು ಕುಂಬಾರನು ತನ್ನ ಕೈಗೆ ರೂಢಿಯಾದಂತೆ ಬೇಗ ಬೇಗ ಮುಗಿಸಿರುತ್ತಾನೆ. ಆದ್ದರಿಂದ ಅದು ಆ ಕಾಲದ, ಆ ಊರಿನ ಅಭ್ಯಾಸವನ್ನು ಬಚ್ಚಿಡದೆ ತೋರಿಸುತ್ತದೆ. ಅರಿತಾದ ಮೊದಲ ದಶಕಗಳ ತಟ್ಟೆಗಳಲ್ಲಿ, ಅಂದರೆ ಸುಮಾರು ಹದಿನೇಳನೆಯ ಶತಮಾನದ ನಡುಭಾಗಕ್ಕೆ ಮೊದಲಿನವುಗಳಲ್ಲಿ, ಪಾದದ ಅಗಲ ಇಡೀ ತಟ್ಟೆಯ ಅಗಲದ ಮೂರನೆಯ ಒಂದು ಭಾಗದಷ್ಟು ಮಾತ್ರ. ಕೊರಿಯಾದ ಕುಂಬಾರರ ಕೈವಾಡ ಅಲ್ಲಿ ಕಾಣುತ್ತದೆ. ಆಗಿನ್ನೂ ಪಾತ್ರೆಯನ್ನು ಒಮ್ಮೆ ಹದವಾಗಿ ಸುಟ್ಟು ನಂತರ ಮೆರುಗು ಅದ್ದುವ ಪದ್ಧತಿ ಬಂದಿರಲಿಲ್ಲ; ಒಣಗಿದ ಹಸಿ ಪಾತ್ರೆಯನ್ನೇ ಪಾದ ಹಿಡಿದು ಮೆರುಗಿನಲ್ಲಿ ಅದ್ದುತ್ತಿದ್ದರು. ಹೀಗಾಗಿ ಪಾದದ ಸುತ್ತ ಬೆರಳು ತಾಗಿದ ಕಡೆ ಮೆರುಗು ಹತ್ತದೆ ಉಳಿದ ಕಲೆಗಳು, ಆವಿಗೆಯಲ್ಲಿ ಅಂಟದಿರಲೆಂದು ಹರಡಿದ ಮರಳಿನ ಕಣಗಳು ಇಂದಿಗೂ ಕೈಗೆ ಸಿಗುತ್ತವೆ. ತಂತ್ರ ಸುಧಾರಿಸಿದ ಮೇಲೆ ಪಾದ ಅಗಲವಾಯಿತು, ಗೋಡೆ ತೆಳುವಾಯಿತು, ಮರಳು ಕಡಿಮೆಯಾಯಿತು.

ಪಾದದ ಬಳೆಯ ಒಳಗೆ ಇನ್ನೊಂದು ಗುರುತು ಇರುತ್ತದೆ. ಹೊಸಬರು ಅದನ್ನು ದೋಷವೆಂದುಕೊಂಡು ವಸ್ತುವನ್ನು ಕೆಳಗಿಡುವುದುಂಟು. ಮೆರುಗಿನ ಮೇಲೆ ಸಾಸಿವೆ ಕಾಳಿನಷ್ಟು ದೊಡ್ಡ, ಒರಟಾದ ಒಂದರಿಂದ ಐದರವರೆಗಿನ ಚುಕ್ಕೆಗಳು. ಒಂದೇ ಇದ್ದರೆ ನಡುವೆ, ಹೆಚ್ಚಿದ್ದರೆ ಸುತ್ತ ಜೋಡಿಸಿದಂತೆ. ಇಜುಮಿಯಾಮಾದ ಮಣ್ಣು ತೀವ್ರ ಶಾಖದಲ್ಲಿ ಮೆತ್ತಗಾಗಿ ಜಗ್ಗುವ ಸ್ವಭಾವದ್ದು. ಅಗಲವಾದ ತಟ್ಟೆಯ ನಡುಭಾಗ ಕುಸಿಯದಂತೆ ಅದರಡಿ ಪುಟ್ಟ ಮಣ್ಣಿನ ಮೊಳೆಗಳನ್ನು ಆಧಾರವಾಗಿ ನಿಲ್ಲಿಸಿ ಸುಟ್ಟು, ನಂತರ ಅವುಗಳನ್ನು ಮುರಿದು ತೆಗೆಯುತ್ತಿದ್ದರು. ಉಳಿದದ್ದು ಆ ಗಾಯದ ಗುರುತು. ಜಿಂಗ್‌ದೆಜೆನ್‌ನ ಮಣ್ಣಿಗೆ ಈ ಊರುಗೋಲು ಬೇಕಿರಲಿಲ್ಲವಾದ್ದರಿಂದ ಚೀನೀ ತಟ್ಟೆಗಳಲ್ಲಿ ಸಾಮಾನ್ಯವಾಗಿ ಇದು ಕಾಣದು. ಚಿತ್ರ, ಬಣ್ಣ, ಬರಹ ಎಲ್ಲವೂ ಚೀನಾದ್ದೇ ಎಂದು ಒತ್ತಿ ಹೇಳುತ್ತಿರುವಾಗ ಈ ನಾಲ್ಕೈದು ಚುಕ್ಕೆಗಳು ತಟ್ಟೆಯನ್ನು ಅರಿತಾಕ್ಕೆ ಮರಳಿಸಿಬಿಡುತ್ತವೆ. ಆಮೇಲಿನ ಶತಮಾನಗಳ ತಟ್ಟೆಗಳಲ್ಲೂ ಇವು ಇರುವುದರಿಂದ ಕಾಲ ನಿರ್ಣಯಕ್ಕೆ ಇವೊಂದೇ ಸಾಲವು. ಊರಿನ ನಿರ್ಣಯಕ್ಕೆ ಮಾತ್ರ ಇವುಗಳಷ್ಟು ಗಟ್ಟಿಯಾದ ಸಾಕ್ಷಿ ವಿರಳ.

ನಾಬೆಶಿಮಾ ಮನೆತನದವರು ದೇಶವನ್ನಾಳುತ್ತಿದ್ದ ಸೇನಾಧಿಪತಿಯಾದ ಶೋಗುನ್‌ಗೂ ಇತರ ಸಾಮಂತರಿಗೂ ಕಾಣಿಕೆ ಕೊಡಲೆಂದೇ ಒಕಾವಾಚಿ ಎಂಬ ಕಣಿವೆಯಲ್ಲಿ ನಡೆಸುತ್ತಿದ್ದ ಆವಿಗೆಯ ವಸ್ತುಗಳಲ್ಲಿ ಪಾದವೇ ಸಹಿಯಾಯಿತು. ಎತ್ತರವಾದ ಆ ಪಾದದ ಹೊರಮೈಯಲ್ಲಿ ಬಾಚಣಿಗೆಯ ಹಲ್ಲುಗಳಂತೆ ಒಂದರ ಪಕ್ಕ ಒಂದು ನೀಲಿ ಗೆರೆಗಳಿರುತ್ತವೆ. ಉತ್ತಮ ಕಾಲದ ವಸ್ತುವಿನಲ್ಲಿ ಮೊದಲು ಪ್ರತಿ ಹಲ್ಲಿಗೂ ತೆಳುವಾದ ಹೊರರೇಖೆ ಎಳೆದು, ಆಮೇಲೆ ಒಳಗೆ ಬಣ್ಣ ತುಂಬಿರುವುದನ್ನು ಭೂತಗನ್ನಡಿಯಲ್ಲಿ ಕಾಣಬಹುದು. ನಕಲುಗಳಲ್ಲಿ ಮತ್ತು ಕಡೆಗಾಲದ ಕೆಲಸದಲ್ಲಿ ಒಂದೇ ಎಳೆತದಲ್ಲಿ ಗೆರೆ ಮುಗಿದಿರುತ್ತದೆ.

ಪಾದದ ನಂತರ ನೋಡಬೇಕಾದದ್ದು ನೀಲಿಯನ್ನು. ಮೆರುಗಿನ ಕೆಳಗಿನ ಈ ನೀಲಿ ಕೋಬಾಲ್ಟ್‌ನಿಂದ ಬರುತ್ತದೆ. ಹಳೆಯ ಕಾಲದಲ್ಲಿ ಬಳಸುತ್ತಿದ್ದ ಖನಿಜದಲ್ಲಿ ಕಬ್ಬಿಣ, ಮ್ಯಾಂಗನೀಸ್ ಬೆರೆತಿರುತ್ತಿದ್ದುದರಿಂದ ಬಣ್ಣ ಒಂದೇ ಸಮನಾಗಿರದೆ ಒಮ್ಮೆ ಬೂದಿಗೆ, ಒಮ್ಮೆ ಕಪ್ಪಿಗೆ ತಿರುಗುತ್ತಿತ್ತು. ಗಾಟ್‌ಫ್ರೀಡ್ ವಾಗೆನರ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞ 1870ರಲ್ಲಿ ಅರಿತಾಕ್ಕೆ ಬಂದು ಶುದ್ಧೀಕರಿಸಿದ ಕೋಬಾಲ್ಟ್‌ನ ಬಳಕೆಯನ್ನು ಹೇಳಿಕೊಟ್ಟ. ಆ ಬಳಿಕ ಬಂದದ್ದು ಕಣ್ಣಿಗೆ ಹೊಡೆಯುವ, ಸ್ವಲ್ಪ ನೇರಳೆಯತ್ತ ವಾಲುವ ಕಡು ನೀಲಿ. ಜೊತೆಗೆ ಕೈಬರಹದ ಬದಲು ಕಾಗದದ ಕೊರೆಯಚ್ಚಿನಿಂದ ಚಿತ್ರ ಒತ್ತುವ ಕ್ರಮ ಹರಡಿತು. ಅದರ ಬೆನ್ನಿಗೆ ತಾಮ್ರದ ಹಲಗೆಯಿಂದ ಕಾಗದಕ್ಕೆ, ಕಾಗದದಿಂದ ತಟ್ಟೆಗೆ ಅಚ್ಚು ಇಳಿಸುವ ಕ್ರಮವೂ ಬಂತು. ಕೊರೆಯಚ್ಚಿನ ಚಿತ್ರದಲ್ಲಿ ಗೆರೆಗಳು ಅಲ್ಲಲ್ಲಿ ಸೇತುವೆ ಬಿಟ್ಟಂತೆ ಕಡಿದಿರುತ್ತವೆ. ತಾಮ್ರದಚ್ಚಿನಲ್ಲಿ ಗೆರೆ ಕೂದಲಿನಷ್ಟು ತೆಳು, ಆದರೆ ಎರಡು ಕಾಗದಗಳು ಕೂಡುವಲ್ಲಿ ಚಿತ್ರ ಜಾರಿರುತ್ತದೆ. ಈ ಎರಡರಲ್ಲಿ ಯಾವುದು ಕಂಡರೂ, ಬಣ್ಣವೂ ಆ ಹೊಸ ನೀಲಿಯಾಗಿದ್ದರೆ, ‘ಇನ್ನೂರು ವರ್ಷ ಹಳೆಯದು’ ಎಂಬ ಮಾರಾಟಗಾರನ ಮಾತಿಗೆ ಕಿವಿಗೊಡಬೇಕಾಗಿಲ್ಲ. ಅಂಥ ತಟ್ಟೆಗಳು ಕೀಳೆಂದು ನಾನು ಹೇಳುತ್ತಿಲ್ಲ. ಅವು ಮೇಜಿ ಕಾಲದ (1868–1912) ಸಾಮಾನ್ಯ ಮನೆಗಳ ಊಟದ ತಟ್ಟೆಗಳು, ಕಡಿಮೆ ಬೆಲೆಗೆ ಸಿಗುವಂಥವು, ಕೆಲವಂತೂ ಬಹಳ ಚೆನ್ನಾಗಿವೆ. ಆದರೆ ಅವುಗಳಿಗೆ ಅದಕ್ಕೂ ಹಿಂದಿನ ಎಡೊ ಕಾಲದ (1603–1868) ಬೆಲೆ ಕೊಡುವುದು ತಪ್ಪು.

ಮೆರುಗಿನ ಮೇಲೆ ಬಣ್ಣ ಹಾಕಿದ ವಸ್ತುಗಳಲ್ಲಿ ಅರಿತಾದ ಕುಂಬಾರ ಮನೆತನವೊಂದರ ಹೆಸರು ಹೊತ್ತ ಕಾಕಿಯೆಮೊನ್ ಶೈಲಿಗೆ ಅಗ್ರಸ್ಥಾನ. ಹಾಲಿನಂಥ ಬಿಳಿಯ ಮೈ, ಅದರ ಬಹುಭಾಗವನ್ನು ಖಾಲಿ ಬಿಟ್ಟು ಒಂದು ಬದಿಗೆ ಸರಿದು ನಿಂತ ಹೂಕೊಂಬೆ, ಒಂದು ಹಕ್ಕಿ, ಹಣ್ಣಾದ ಪರ್ಸಿಮನ್ ಬಣ್ಣದ ಕೆಂಪು. ಸ್ಯಾಕ್ಸನಿಯ ಅರಸ ಬಲಿಷ್ಠ ಆಗಸ್ಟಸ್ ಇದಕ್ಕೆ ಮರುಳಾಗಿ ರಾಶಿಗಟ್ಟಲೆ ಕೊಂಡ. 1710ರಲ್ಲಿ ಅವನೇ ಸ್ಥಾಪಿಸಿದ ಮೈಸೆನ್ ಕಾರ್ಖಾನೆ ಇದನ್ನು ಯಥಾವತ್ ನಕಲು ಮಾಡಿತು. ಅವನ ಸಂಗ್ರಹದ ಪಟ್ಟಿ ತಯಾರಿಸಿದವರು ಪ್ರತಿ ವಸ್ತುವಿನ ತಳದಲ್ಲಿ ಒಂದು ಸಂಖ್ಯೆಯನ್ನೂ ವರ್ಗಸೂಚಕ ಚಿಹ್ನೆಯನ್ನೂ ಕೊರೆದಿಟ್ಟರು. ಜಪಾನಿನದೆಂದು ಅವರು ಭಾವಿಸಿದ ವಸ್ತುಗಳಿಗೆ ಒಂದು ಕೂಡುಗುರುತು. ಆ ಕೊರೆತವಿರುವ ತಟ್ಟೆ ಇಂದು ಹರಾಜಿಗೆ ಬಂದರೆ ಹದಿನೆಂಟನೆಯ ಶತಮಾನದಲ್ಲಿ ಅದು ಡ್ರೆಸ್ಡೆನ್‌ನಲ್ಲಿತ್ತು ಎಂಬುದಕ್ಕೆ ಬೇರೆ ದಾಖಲೆ ಬೇಡ. ತಯಾರಕನು ಬರೆದದ್ದಕ್ಕಿಂತ ಗುಮಾಸ್ತನು ಗೀಚಿದ್ದೇ ಇಲ್ಲಿ ಹೆಚ್ಚು ನಂಬಿಕಸ್ಥ ಮುದ್ರೆ. ಕಾಕಿಯೆಮೊನ್ ಮನೆತನ ಆ ಹಾಲುಬಿಳಿ ಮೈಯ ತಂತ್ರವನ್ನು ಹದಿನೆಂಟನೆಯ ಶತಮಾನದಲ್ಲಿ ಕಳೆದುಕೊಂಡು 1953ರಲ್ಲಿ ಮತ್ತೆ ಸಾಧಿಸಿತೆಂಬುದನ್ನೂ ಕೊಳ್ಳುವವರು ನೆನಪಿನಲ್ಲಿಡಬೇಕು. ಎರಡು ಕಾಲದ ವಸ್ತುಗಳೂ ಅಸಲಿಯೇ, ಬೆಲೆ ಮಾತ್ರ ಬೇರೆ.

ಕುತಾನಿಯ ವಿಷಯದಲ್ಲಂತೂ ಇಡೀ ಒಂದು ವರ್ಗದ ವಿಳಾಸವೇ ಬದಲಾಯಿತು. ದಟ್ಟ ಹಸಿರು, ಹಳದಿ, ನೇರಳೆ ಬಣ್ಣಗಳ ಭಾರಿ ತಟ್ಟೆಗಳನ್ನು ‘ಹಳೆಯ ಕುತಾನಿ’ ಎಂದು ಕರೆದು, ಜಪಾನಿನ ಪಶ್ಚಿಮ ಕರಾವಳಿಯ ಕಾಗಾ ಪ್ರಾಂತ್ಯದ ಹೆಮ್ಮೆಯೆಂದು ತಲೆಮಾರುಗಳ ಕಾಲ ನಂಬಲಾಗಿತ್ತು. 1970ರ ದಶಕದಿಂದೀಚೆಗೆ ಅರಿತಾದ ಹಳೆಯ ಆವಿಗೆಗಳ ತಿಪ್ಪೆಗಳನ್ನು ಅಗೆದಾಗ ಅದೇ ಬಗೆಯ ಚೂರುಗಳು ಅಲ್ಲಿ ಸಿಕ್ಕವು. ಈಗ ಹೆಚ್ಚಿನ ವಿದ್ವಾಂಸರು ಅವುಗಳಲ್ಲಿ ಬಹುಪಾಲು ಅರಿತಾದಲ್ಲಿ ತಯಾರಾದವೆಂದು ಒಪ್ಪುತ್ತಾರೆ, ಹೆಸರನ್ನು ಮಾತ್ರ ಶೈಲಿಯ ಗುರುತಾಗಿ ಉಳಿಸಿಕೊಂಡಿದ್ದಾರೆ. ತಳದಲ್ಲಿ ಕೆಂಪಿನಲ್ಲಿ ‘ಕುತಾನಿ’ ಎಂದು ಸ್ಪಷ್ಟವಾಗಿ ಬರೆದಿರುವ ವಸ್ತು ಬಹುತೇಕ ಹತ್ತೊಂಬತ್ತನೆಯ ಶತಮಾನದ ಪುನರುಜ್ಜೀವನದ ನಂತರದ್ದು.

ಮುದ್ರೆಯನ್ನೇ ನೆಚ್ಚಿ ಹೆಚ್ಚು ಜನ ಕೈಸುಟ್ಟುಕೊಳ್ಳುವುದು ಸತ್ಸುಮಾದಲ್ಲಿ. ಶಿಮಾಜು ಮನೆತನದ ಆಶ್ರಯದಲ್ಲಿ ಕ್ಯೂಶುವಿನ ದಕ್ಷಿಣ ತುದಿಯಲ್ಲಿ ಬೆಳೆದ ಈ ಕೆಲಸದಲ್ಲಿ ದಂತದ ಬಣ್ಣದ ಮೈಮೇಲೆ ಬಲೆಯಂತೆ ಹರಡಿದ ಸೂಕ್ಷ್ಮ ಸೀಳುಗಳಿರುತ್ತವೆ, ಅದರ ಮೇಲೆ ಚಿನ್ನ ಮತ್ತು ಬಣ್ಣಗಳ ಚಿತ್ರ. 1867ರ ಪ್ಯಾರಿಸ್ ಪ್ರದರ್ಶನದಲ್ಲಿ ಸತ್ಸುಮಾ ಸಂಸ್ಥಾನವು ಶೋಗುನ್‌ನ ಸರ್ಕಾರದಿಂದ ಬೇರೆಯಾಗಿ ತನ್ನದೇ ಮಳಿಗೆ ಹೂಡಿತು. ಪಾಶ್ಚಾತ್ಯರ ಬೇಡಿಕೆ ಏರಿತು. ಆ ಬೇಡಿಕೆಯನ್ನು ಪೂರೈಸಿದ್ದು ಸತ್ಸುಮಾ ಒಂದೇ ಅಲ್ಲ. ಕ್ಯೋಟೊ, ಒಸಾಕಾ, ಯೊಕೊಹಾಮಾಗಳ ಕಾರ್ಖಾನೆಗಳಲ್ಲಿ ಅದೇ ಶೈಲಿಯ ವಸ್ತುಗಳು ಗಾಡಿಗಟ್ಟಲೆ ತಯಾರಾದವು, ಮತ್ತು ಬಹುತೇಕ ಎಲ್ಲವುಗಳ ಮೇಲೂ ವೃತ್ತದೊಳಗೆ ಕೂಡುಗುರುತಿರುವ ಶಿಮಾಜು ಲಾಂಛನವನ್ನು ಹಾಕಲಾಯಿತು. ಲಾಂಛನವಿದ್ದ ಮಾತ್ರಕ್ಕೆ ಅದು ಶಿಮಾಜು ಆವಿಗೆಯದಲ್ಲ. ಒಸಾಕಾದ ಯಾಬು ಮೆಯ್‌ಜಾನ್‌ನಂಥವರ ಕಾರ್ಯಾಗಾರದಲ್ಲಿ ಬೆರಳುದ್ದದ ಪಟ್ಟಿಯೊಳಗೆ ನೂರಾರು ಮನುಷ್ಯಾಕೃತಿಗಳ ಮೆರವಣಿಗೆಯನ್ನು ಬಿಡಿಸಲಾಗುತ್ತಿತ್ತು. ಅದೇ ಕಾಲದ ಅಗ್ಗದ ಹೂದಾನಿಗಳಲ್ಲಿ ದಪ್ಪ ಚುಕ್ಕೆಗಳ ಸುರಿಮಳೆಯ ನಡುವೆ ಮುಖಗಳೆಲ್ಲ ಒಂದೇ ಅಚ್ಚಿನವು. ‘ರಾಯಲ್ ಸತ್ಸುಮಾ’ ಎಂದು ಇಂಗ್ಲಿಷಿನಲ್ಲಿ ಬರೆದಿದ್ದರೆ ಅದು ಇತ್ತೀಚಿನ ದಶಕಗಳ ಸರಕು; ಜಪಾನಿನದೂ ಅಲ್ಲದಿರುವ ಸಂಭವವೇ ಹೆಚ್ಚು.

ಇನ್ನು ಮುದ್ರೆಯನ್ನು ಮೊದಲು ನಂಬಬಹುದಾದ ಸಂದರ್ಭ. ಅಮೆರಿಕದ ಸಂಸತ್ತು 1890ರಲ್ಲಿ ಮಾಡಿದ ಸುಂಕದ ಕಾನೂನಿನ ಪ್ರಕಾರ, ಆ ದೇಶಕ್ಕೆ ಬರುವ ಸರಕಿನ ಮೇಲೆ ತಯಾರಾದ ದೇಶದ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ನಮೂದಿಸಬೇಕಾಯಿತು. ಜಪಾನಿನವರು ‘ನಿಪ್ಪೊನ್’ ಎಂದು ಬರೆದರು. 1921ರಲ್ಲಿ ಅಮೆರಿಕದ ಸುಂಕ ಇಲಾಖೆ ಆ ಹೆಸರನ್ನು ಒಪ್ಪದೆ ‘ಜಪಾನ್’ ಎಂದೇ ಇರಬೇಕೆಂದಿತು. ಎರಡನೆಯ ಮಹಾಯುದ್ಧದ ನಂತರ, 1952ರಲ್ಲಿ ಮಿತ್ರಪಡೆಗಳ ಆಡಳಿತ ಮುಗಿಯುವವರೆಗೆ, ‘ಮೇಡ್ ಇನ್ ಆಕ್ಯುಪೈಡ್ ಜಪಾನ್’ ಎಂಬ ಬರಹ ಬಳಕೆಯಲ್ಲಿತ್ತು. ಕುಂಬಾರನ ಇಚ್ಛೆಗೆ ಬಿಡದೆ ಕಾನೂನು ಹೇರಿದ ಮುದ್ರೆಗಳಾದ್ದರಿಂದ ಇವು ಕಾಲವನ್ನು ಸಾಕಷ್ಟು ನಿಖರವಾಗಿ ಹೇಳುತ್ತವೆ. ಮೊರಿಮುರಾ ಸಹೋದರರ ವ್ಯಾಪಾರದಿಂದ ಬೆಳೆದು 1904ರಲ್ಲಿ ನಾಗೊಯಾ ಬಳಿ ಸ್ಥಾಪನೆಯಾದ, ಇಂದು ನೊರಿತಾಕೆ ಎಂದು ಕರೆಯಲಾಗುವ ಕಂಪನಿಯ ವಸ್ತುಗಳಲ್ಲಿ ಎಲೆಗಳ ಮಾಲೆಯೊಳಗೆ ಮೊರಿಮುರಾ ಹೆಸರಿನ ಮೊದಲಕ್ಷರವಾದ ‘ಎಂ’ ಇರುತ್ತದೆ. ಇಂಥ ವಸ್ತುಗಳಿಗೆ ಸಂಗ್ರಾಹಕರು ಹೆಚ್ಚಿದಾಗ ನಕಲಿಯವರೂ ಹುಟ್ಟಿಕೊಂಡರು; ಅವರ ಮುದ್ರೆಗಳಲ್ಲಿ ‘ಎಂ’ ಬದಲು ಮರಳುಗಡಿಯಾರದಂಥ ಆಕೃತಿ ಕಾಣುವುದುಂಟು, ಮಾಲೆ ತಲೆಕೆಳಗಾಗಿರುವುದೂ ಉಂಟು. ಇಲ್ಲೂ ಕೊನೆಯ ತೀರ್ಪು ಮೈಯದ್ದೇ: ಆ ಕಾಲದ ನೊರಿತಾಕೆಯ ಮೈ ನಯವಾಗಿ ಹಗುರಾಗಿರುತ್ತದೆ, ನಕಲಿಯದು ಭಾರ, ತಳ ಒರಟು.

ಮೆರುಗಿಲ್ಲದ ಅಥವಾ ಬರೀ ಬೂದಿಯ ಮೆರುಗಿರುವ ಪಾತ್ರೆಗಳ ಲೋಕಕ್ಕೆ ಬಂದರೆ ಈ ಪರೀಕ್ಷೆಗಳಲ್ಲಿ ಅರ್ಧ ಕೆಲಸಕ್ಕೆ ಬರುವುದಿಲ್ಲ. ಬಿಜೆನ್ ಪಾತ್ರೆಯನ್ನು ತೆಗೆದುಕೊಳ್ಳಿ. ಗದ್ದೆಗಳ ಅಡಿಯಿಂದ ತೆಗೆದ ಕಬ್ಬಿಣಾಂಶವುಳ್ಳ ಜಿಗುಟು ಮಣ್ಣಿಗೆ ಯಾವ ಮೆರುಗೂ ಹಚ್ಚದೆ, ದೇವದಾರು ಜಾತಿಯ ಸೌದೆಯಿಂದ ಹಲವು ದಿನ ಹಗಲುರಾತ್ರಿ ಸುಡುತ್ತಾರೆ. ಬೆಂಕಿಯ ಹತ್ತಿರ ಇದ್ದುದರ ಹೆಗಲ ಮೇಲೆ ಬೂದಿ ಬಿದ್ದು ಕರಗಿ ತಾನೇ ಮೆರುಗಾಗುತ್ತದೆ. ಒಂದಕ್ಕೊಂದು ಅಂಟದಿರಲೆಂದು ಸುತ್ತಿದ ಹುಲ್ಲು ಉರಿದುಹೋದರೂ, ಅದರೊಳಗಿನ ಕ್ಷಾರ ಮಣ್ಣಿನ ಕಬ್ಬಿಣದೊಡನೆ ಸೇರಿ ಕೆಂಪು ದಾರದಂಥ ಗೆರೆಗಳನ್ನು ಬಿಡುತ್ತದೆ. ಈ ಗೆರೆಗಳನ್ನು ಬಣ್ಣ ಬಳಿದು ನಟಿಸಿದ್ದರೆ ಅದು ಮೈಮೇಲೆ ಕುಳಿತಂತೆ ಕಾಣುತ್ತದೆ; ನಿಜವಾದದ್ದು ಮೈಯೊಳಗೇ ಇರುತ್ತದೆ, ಉಗುರಿಗೆ ತಡೆಯುವುದಿಲ್ಲ.

ಈ ಲೋಕದಲ್ಲಿ ಬರಹವನ್ನು ನೆಚ್ಚಿದರೆ ಏನಾಗುತ್ತದೆಂಬುದಕ್ಕೆ ಜಪಾನಿನಲ್ಲಿ ಎಲ್ಲರೂ ಬಲ್ಲ ಪ್ರಕರಣವೊಂದಿದೆ. ‘ಎಯ್‌ನಿನ್ ಎರಡನೆಯ ವರ್ಷ’, ಅಂದರೆ 1294, ಎಂದು ಕೊರೆದಿದ್ದ ಸೆತೊ ಊರಿನ ಮೆರುಗಿನ ಹೂಜಿಯೊಂದನ್ನು 1959ರಲ್ಲಿ ಸರ್ಕಾರ ಮಹತ್ವದ ಸಾಂಸ್ಕೃತಿಕ ಆಸ್ತಿಯೆಂದು ಘೋಷಿಸಿತು. ಘೋಷಣೆಯ ಹಿಂದಿದ್ದವರು ಆ ಕಾಲದ ಅತ್ಯಂತ ಗೌರವಾನ್ವಿತ ವಿದ್ವಾಂಸರಲ್ಲಿ ಒಬ್ಬರಾದ ಕೊಯಾಮಾ ಫುಜಿಯೊ. ಅನುಮಾನ ಎದ್ದಿತು, ಮೆರುಗನ್ನು ಎಕ್ಸ್-ರೇ ವಿಧಾನದಿಂದ ಪರೀಕ್ಷಿಸಿದಾಗ ಅದು ಹಳೆಯ ಚೂರುಗಳೊಡನೆ ಹೊಂದಲಿಲ್ಲ, ಪ್ರಸಿದ್ಧ ಕುಂಬಾರ ಕಾತೊ ತೊಕುರೊ ಅದು ತನ್ನ ಕೆಲಸವೆಂದು ಹೇಳಿದರು. 1961ರಲ್ಲಿ ಘೋಷಣೆ ರದ್ದಾಯಿತು, ಕೊಯಾಮಾ ಹುದ್ದೆ ಬಿಟ್ಟರು. ಇಷ್ಟು ಚೆನ್ನಾಗಿ ಹಳೆಯ ಕೆಲಸವನ್ನು ಅರಗಿಸಿಕೊಂಡವನೆಂದು ಕಾತೊ ಅವರ ಕೀರ್ತಿ ಮಾತ್ರ ಹೆಚ್ಚೇ ಆಯಿತು. ಅಷ್ಟು ಹಳೆಯ ಪಾತ್ರೆಯ ಮೇಲೆ ಅಷ್ಟು ಅನುಕೂಲವಾಗಿ ವರ್ಷ ಬರೆದಿರುವುದೇ ಮೊದಲ ಸಂಶಯಕ್ಕೆ ಕಾರಣವಾಗಬೇಕಿತ್ತು.

ಚಹಾ ಬಟ್ಟಲು, ಸಾಕೆ ಎಂಬ ಅಕ್ಕಿಮದ್ಯದ ಹೂಜಿ ಮುಂತಾದ ಕೈಕೆಲಸದ ವಸ್ತುಗಳಲ್ಲಿ ಮುದ್ರೆಯ ಸ್ಥಾನವನ್ನು ಪೆಟ್ಟಿಗೆ ತುಂಬುತ್ತದೆ. ಹಗುರವಾದ ಕಿರಿ ಮರದ ಪೆಟ್ಟಿಗೆ, ಅಡ್ಡಡ್ಡ ನೇಯ್ದ ಚಪ್ಪಟೆ ದಾರದ ಕಟ್ಟು, ಮುಚ್ಚಳದ ಮೇಲೆ ಕುಂಚದಲ್ಲಿ ಬರೆದ ವಸ್ತುವಿನ ಹೆಸರು, ಕುಂಬಾರನ ಸಹಿ, ಕೆಂಪು ಮೊಹರು. ಕುಂಬಾರನೇ ಬರೆದುಕೊಟ್ಟ ಪೆಟ್ಟಿಗೆಗೆ ‘ತೊಮೊಬಾಕೊ’ ಎನ್ನುತ್ತಾರೆ. ಕುಂಬಾರ ತೀರಿಕೊಂಡ ಮೇಲೆ ಅವನ ಮನೆತನದವರೋ ಶಿಷ್ಯರೋ ಪರೀಕ್ಷಿಸಿ ದೃಢೀಕರಿಸಿ ಬರೆದದ್ದು ಬೇರೆ ವರ್ಗ. ಬೇರೆ ಯಾವುದೋ ವಸ್ತುವಿನ ಖಾಲಿ ಪೆಟ್ಟಿಗೆಯನ್ನು ಅಳತೆ ನೋಡಿ ಹೊಂದಿಸಿದ್ದು ಮೂರನೆಯದು. ಜಾನಪದ ಕರಕುಶಲ ಚಳವಳಿಯ ಹಾಮಾದಾ ಶೋಜಿ ಮತ್ತು ಕಾವಾಯಿ ಕಾಂಜಿರೊ ತಮ್ಮ ಪ್ರೌಢ ಕೆಲಸದ ಮೇಲೆ ಹೆಸರು ಹಾಕುತ್ತಿರಲಿಲ್ಲ. ವಸ್ತು ಚೆನ್ನಾಗಿದ್ದರೆ ಸಾಕು, ಮಾಡಿದವನ ಹೆಸರಿನ ಹಂಗೇಕೆ ಎಂಬುದು ಅವರ ನಿಲುವು. ಆದರೆ ಪೆಟ್ಟಿಗೆಯ ಮೇಲೆ ಬರೆದುಕೊಡುತ್ತಿದ್ದರು. ಪರಿಣಾಮವಾಗಿ ಮಾಶಿಕೊ ಊರಿನ ಹಾಮಾದಾ ಅವರ ಹೂದಾನಿ ಪೆಟ್ಟಿಗೆಯಿದ್ದರೆ ಒಂದು ಬೆಲೆ, ಇಲ್ಲದಿದ್ದರೆ ಅದರ ಒಂದು ಪಾಲು. ಹೆಸರನ್ನು ಅಳಿಸಲು ಹೊರಟವರ ವಸ್ತುಗಳಿಗೆ ಮರದ ಮುಚ್ಚಳದ ಮೇಲಿನ ಹೆಸರೇ ಬೆಲೆ ತಂದುಕೊಟ್ಟಿತು ಎಂಬುದು ಮಾರುಕಟ್ಟೆಯ ವ್ಯಂಗ್ಯ.

ಪೆಟ್ಟಿಗೆಯನ್ನೂ ಪಾದದಂತೆಯೇ ಪರೀಕ್ಷಿಸಬೇಕು. ವಸ್ತು ಒಳಗೆ ಹಿಡಿಸುವಂತೆ ಕುಳಿತುಕೊಳ್ಳುತ್ತದೆಯೇ, ಮುಚ್ಚಳದ ಬರಹ ‘ಚಹಾ ಬಟ್ಟಲು’ ಎನ್ನುತ್ತಿರುವಾಗ ಒಳಗಿರುವುದು ಹೂದಾನಿಯಾಗಿಲ್ಲವೇ, ಮರ ಹೊರಗೆ ಕಂದಿದಷ್ಟೇ ಸಹಜವಾಗಿ ಒಳಗೂ ಬಣ್ಣ ತಿರುಗಿದೆಯೇ, ಬಟ್ಟಲಿನ ಪಾದದ ಮೇಲಿನ ಪುಟ್ಟ ಮುದ್ರೆಯೂ ಪೆಟ್ಟಿಗೆಯ ಮೊಹರೂ ಒಂದೇ ವ್ಯಕ್ತಿಯ ಒಂದೇ ವಯಸ್ಸಿನವೇ ಎಂಬುದನ್ನು ನೋಡಬೇಕು. ಅನೇಕ ಕುಂಬಾರ ಮನೆತನಗಳಲ್ಲಿ ಮಗ ತಂದೆಯ ಹೆಸರನ್ನೇ ಹೊರುತ್ತಾನೆ; ‘ಹದಿಮೂರನೆಯ ಕಾಕಿಯೆಮೊನ್’, ‘ಹದಿನಾಲ್ಕನೆಯ ಕಾಕಿಯೆಮೊನ್’ ಎಂಬ ಕ್ರಮಾಂಕವನ್ನು ಪತ್ತೆ ಹಚ್ಚದೆ ಕೊಂಡರೆ ತಾತನ ಬೆಲೆಗೆ ಮೊಮ್ಮಗನ ಕೆಲಸ ಮನೆಗೆ ಬರುತ್ತದೆ.

ವಸ್ತು ಅಸಲಿಯೆಂದಾದ ಮೇಲೆ ಅದರ ಆರೋಗ್ಯದ ಪ್ರಶ್ನೆ. ಮಡಕೆ ಕೊಳ್ಳುವಾಗ ಸಂತೆಯಲ್ಲಿ ನಮ್ಮ ಹಿರಿಯರು ಬೆರಳ ಗೆಣ್ಣಿನಿಂದ ಬಡಿದು ಕೇಳುತ್ತಿದ್ದಂತೆಯೇ ಪಿಂಗಾಣಿಯನ್ನೂ ಮೆಲ್ಲಗೆ ತಟ್ಟಿ ನೋಡುತ್ತಾರೆ. ಇಡಿಯಾಗಿದ್ದರೆ ಗಂಟೆಯಂತೆ ದನಿ ನಿಲ್ಲುತ್ತದೆ, ಕೂದಲೆಳೆಯ ಬಿರುಕಿದ್ದರೂ ಮಂಕಾಗಿ ಕೂಡಲೇ ಅಡಗುತ್ತದೆ. ಮೆರುಗಿನಲ್ಲಷ್ಟೇ ಇರುವ ಸೀಳುಬಲೆಯನ್ನೂ ಮೈಯನ್ನೇ ದಾಟಿದ ಬಿರುಕನ್ನೂ ಬೇರೆ ಮಾಡಿ ನೋಡಬೇಕು. ಮೊದಲನೆಯದು ತಣಿಯುವಾಗ ಮೆರುಗು ಮೈಗಿಂತ ಹೆಚ್ಚು ಕುಗ್ಗಿದ್ದರಿಂದ ಆದದ್ದು, ಹಾಗಿ ಊರಿನ ಬಟ್ಟಲುಗಳಲ್ಲಂತೂ ವರ್ಷಗಟ್ಟಲೆ ಅದರೊಳಗೆ ಚಹಾ ಇಳಿದು ಬಣ್ಣ ಬದಲಾಗುವುದನ್ನೇ ರಸಿಕರು ಕಾಯುತ್ತಾರೆ. ಎರಡನೆಯದು ಪೆಟ್ಟು. ಆವಿಗೆಯೊಳಗೇ ಆದ ಗಾಯ ಮೂರನೆಯ ಬಗೆ. ಅದರ ಅಂಚಿನ ಮೇಲೆ ಮೆರುಗು ಹರಿದು ನುಣುಪಾಗಿರುತ್ತದೆ, ಬೆಲೆಯೂ ಅಷ್ಟಾಗಿ ಇಳಿಯುವುದಿಲ್ಲ.

ಒಡೆದದ್ದನ್ನು ಚಿನ್ನದಿಂದ ಕೂಡಿಸುವ ಕಿಂತ್ಸುಗಿಯ ಬಗ್ಗೆ ಜೀವನ ದರ್ಶನದ ಮಾತುಗಳು ಬೇಕಾದಷ್ಟು ಹರಿದಿವೆ, ತಂತ್ರದ ಬಗ್ಗೆ ಕಡಿಮೆ. ಅಲ್ಲಿ ಅಂಟಿಸುವುದು ಚಿನ್ನವಲ್ಲ, ಉರುಶಿ ಮರದ ರಸ. ಅದು ಬಿಸಿಲಿಗೆ ಒಣಗುವ ವಸ್ತುವಲ್ಲ; ತೇವವಿರುವ ಬೆಚ್ಚನೆಯ ಗಾಳಿಯಲ್ಲಿ, ಅದರೊಳಗಿನ ಕಿಣ್ವದ ನೆರವಿನಿಂದ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ. ಆದ್ದರಿಂದಲೇ ಪ್ರತಿ ಪದರವನ್ನೂ ತೇವದ ಗೂಡಿನಲ್ಲಿಟ್ಟು ಕಾಯಬೇಕಾಗುತ್ತದೆ, ಒಂದು ಬಟ್ಟಲಿಗೆ ವಾರಗಳೇ ಹಿಡಿಯುತ್ತವೆ. ಚಿನ್ನದ ಪುಡಿಯನ್ನು ಕೊನೆಯ ಪದರ ಇನ್ನೂ ಅಂಟಾಗಿರುವಾಗ ಉದುರಿಸುತ್ತಾರೆ. ಇಂದು ಮಾರುಕಟ್ಟೆಯಲ್ಲಿರುವ ಎಷ್ಟೋ ‘ಕಿಂತ್ಸುಗಿ’ ವಸ್ತುಗಳಲ್ಲಿರುವುದು ಎಪಾಕ್ಸಿ ಅಂಟು ಮತ್ತು ಹಿತ್ತಾಳೆಯ ಪುಡಿ. ಬೇಕೆಂದೇ ಒಡೆದು ಕೂಡಿಸಿದವೂ ಇವೆ. ನೇರಳಾತೀತ ಬೆಳಕಿನ ಸಣ್ಣ ಟಾರ್ಚ್ ಹಿಡಿದರೆ ಅನೇಕ ಆಧುನಿಕ ಅಂಟುಗಳೂ ಬಣ್ಣಗಳೂ ಬೇರೆಯಾಗಿ ಹೊಳೆಯುತ್ತವೆ. ಬಚ್ಚಿಟ್ಟ ದುರಸ್ತಿಯನ್ನು ಹಿಡಿಯಲೂ ಅದೇ ಸಾಧನ.

ಮೆರುಗೆಣ್ಣೆಯ ಪೆಟ್ಟಿಗೆಗಳು, ತಂತಿಯ ಗೆರೆಯೊಳಗೆ ಗಾಜಿನ ಬಣ್ಣ ತುಂಬಿದ ಲೋಹದ ಹೂದಾನಿಗಳು ಒಂದೊಂದೂ ಬೇರೆಯೇ ಲೇಖನ ಬೇಡುವ ವಿಷಯಗಳು. ಕಿಮೊನೊದ ನಡುಪಟ್ಟಿಗೆ ಚೀಲ ಸಿಕ್ಕಿಸುವ ನೆತ್ಸುಕೆ ಗುಂಡಿಗಳ ಬಗ್ಗೆ ಮಾತ್ರ ಒಂದು ಎಚ್ಚರಿಕೆ ಅಗತ್ಯ: ಅವುಗಳಲ್ಲಿ ಬಹಳಷ್ಟು ಆನೆಯ ದಂತದವು, ಮತ್ತು ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಾಗೂ ಅದರ ನಂತರದ ತಿದ್ದುಪಡಿಗಳ ಪ್ರಕಾರ ಆಫ್ರಿಕಾದಿಂದ ಬಂದದ್ದೂ ಸೇರಿದಂತೆ ದಂತದ ವ್ಯಾಪಾರ ನಿಷಿದ್ಧ. ಮರದ ನೆತ್ಸುಕೆಗಳಿಗೆ ಈ ತೊಡಕಿಲ್ಲ, ಕೆತ್ತನೆಯಲ್ಲಿ ಅವು ಕಡಿಮೆಯವೂ ಅಲ್ಲ.

ಕಣ್ಣನ್ನು ಪಳಗಿಸಲು ವಸ್ತುಗಳನ್ನು ನೋಡುವುದಕ್ಕೆ ಬದಲಿಲ್ಲ. ಬೆಂಗಳೂರಿನವರಿಗೆ ಒಂದು ರಾತ್ರಿಯ ರೈಲು ಪ್ರಯಾಣದಷ್ಟು ದೂರದ ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿ ಜಪಾನಿನ ಪಿಂಗಾಣಿಗೂ ಸತ್ಸುಮಾಕ್ಕೂ ಒಳ್ಳೆಯ ಜಾಗವಿದೆ. ಜಪಾನಿಗೆ ಹೋಗುವವರು ಅರಿತಾದಲ್ಲಿರುವ ಕ್ಯೂಶು ಪಿಂಗಾಣಿ ಸಂಗ್ರಹಾಲಯದ ಶಿಬಾತಾ ಸಂಗ್ರಹವನ್ನು ತಪ್ಪಿಸಬಾರದು; ದಂಪತಿಗಳಿಬ್ಬರು ಕೂಡಿಸಿ ಕೊಟ್ಟ 10,000ಕ್ಕೂ ಹೆಚ್ಚು ವಸ್ತುಗಳು ಎಡೊ ಕಾಲದ ಅರಿತಾ ಕೆಲಸದ ಬೆಳವಣಿಗೆಯನ್ನು ಹಂತಹಂತವಾಗಿ ತೋರಿಸುತ್ತವೆ. ಕ್ಯೋಟೊದ ತೋಜಿ ದೇವಾಲಯದ ಆವರಣದಲ್ಲಿ ಪ್ರತಿ ತಿಂಗಳ 21ರಂದು, ಕಿತಾನೊ ತೆನ್ಮಾಂಗು ದೇಗುಲದಲ್ಲಿ 25ರಂದು ಹಳೆ ಸಾಮಾನಿನ ಸಂತೆ ಸೇರುತ್ತದೆ. ಸಂಗ್ರಹಾಲಯದ ಗಾಜಿನೊಳಗಿನ ತಟ್ಟೆಯನ್ನು ಮಗುಚಲಾಗದು, ಸಂತೆಯಲ್ಲಿ ಅನುಮತಿ ಕೇಳಿ ಎರಡೂ ಕೈಯಲ್ಲಿ ಹಿಡಿದು ಮಗುಚಬಹುದು.

ಮೊದಲ ಖರೀದಿಗೆ ನಾನು ಸೂಚಿಸುವುದು ಅಂಚು ಒಡೆದ ಒಂದು ಹಳೆಯ ತಟ್ಟೆಯನ್ನು, ಅಥವಾ ಸೋಬಾ ಎಂಬ ಶ್ಯಾವಿಗೆಯ ಸಾರಿಗೆಂದು ಬಳಸುತ್ತಿದ್ದ ಚಕ್ಕೆಯೆದ್ದ ಪುಟ್ಟ ಬಟ್ಟಲನ್ನು. ದೋಷವಿರುವುದರಿಂದ ಅವು ಅಗ್ಗ. ಒಡೆದ ಅಂಚಿನಲ್ಲಿ ಮಣ್ಣಿನ ಅಡ್ಡಕೊಯ್ತ ತೆರೆದಿರುತ್ತದೆ: ಅರಿತಾದ ಮೈ ತುಸು ಬೂದುಬಣ್ಣದ ಬಿಳುಪು, ಸಕ್ಕರೆಯ ಹರಳಿನ ಹಾಗೆ ಮಿನುಗುತ್ತದೆ, ಅದರ ಮೇಲೆ ಮೆರುಗು ಎಷ್ಟು ದಪ್ಪ ಕುಳಿತಿದೆ, ನೀಲಿ ಅದರ ಅಡಿಯಲ್ಲಿ ಎಲ್ಲಿ ಹರಡಿದೆ ಎಂಬುದು ಹತ್ತು ಪಟ್ಟು ಹಿಗ್ಗಿಸುವ ಸಾಮಾನ್ಯ ಭೂತಗನ್ನಡಿಯಲ್ಲೇ ಕಾಣುತ್ತದೆ. ಇಡಿಯಾದ, ದುಬಾರಿಯಾದ ತಟ್ಟೆಯಲ್ಲಿ ಇದನ್ನು ನೋಡುವ ಅವಕಾಶ ಪಾದದ ಮೆರುಗಿಲ್ಲದ ತೆಳು ಅಂಚಿನಲ್ಲಿ ಮಾತ್ರ ಸಿಗುತ್ತದೆ.